ಇಂಡೆಕ್ಸಿನಲ್ಲಿ ನಾದಿನಿ ಇಲ್ಲ

ಈ ವಯಸ್ಸಿನಲ್ಲಿ ಒಪ್ಪಿಕೊಳ್ಳುವುದಕ್ಕೆ ನಾಚಿಕೆಯೇನಿಲ್ಲ: ನನಗೆ ಬೇಡ ಅನ್ನುವುದಕ್ಕೆ ಬರುವುದಿಲ್ಲ. ಕನ್ನಡದಲ್ಲಿ ಬರುವುದಿಲ್ಲ, ಇಂಗ್ಲಿಷಿನಲ್ಲಾದರೆ ಬರುತ್ತದೆ ಎಂದು ಬಹಳ ಕಾಲ ಸಮಾಧಾನ ಮಾಡಿಕೊಂಡಿದ್ದೆ. ಆಮೇಲೆ ಯೋಚಿಸಿ ನೋಡಿದರೆ ಇಂಗ್ಲಿಷಿನಲ್ಲೂ ನನಗೆ ಬರುವುದು ‘ನೋ, ಥ್ಯಾಂಕ್ ಯೂ’ ಒಂದೇ; ಅದೂ ಯಾರಾದರೂ ಎರಡನೆಯ ಸಲ ಕೇಕ್ ಬಡಿಸಲು ಬಂದಾಗ ಮಾತ್ರ. ಇದನ್ನು ಕಲಿಸಿದವರು ನಮ್ಮ ಕಾನ್ವೆಂಟಿನ ಸಿಸ್ಟರ್ ಫಿಲೋಮಿನಾ. ಅವರ ಮಾರಲ್ ಸೈನ್ಸ್ ಕ್ಲಾಸಿನಲ್ಲಿ ಮಾರಲ್ಲೂ ಅಷ್ಟಿರಲಿಲ್ಲ, ಸೈನ್ಸೂ ಇರಲಿಲ್ಲ, ಇದ್ದದ್ದೆಲ್ಲ ಮ್ಯಾನರ್ಸ್. ಯಾರೇ ‘ಹೌ ಆರ್ ಯೂ’ ಎಂದರೂ ಬೆನ್ನು ನೆಟ್ಟಗೆ ಮಾಡಿ ‘ಫೈನ್, ಥ್ಯಾಂಕ್ ಯೂ’ ಎನ್ನಬೇಕು. ನಮ್ಮ ಕ್ಲಾಸಿನ ಒಬ್ಬಳು ಹುಡುಗಿ ಸುಡುವ ಜ್ವರದಲ್ಲಿ ಎದ್ದು ನಿಂತು ‘ಫೈನ್, ಥ್ಯಾಂಕ್ ಯೂ, ಸಿಸ್ಟರ್’ ಎಂದು ಹೇಳಿ ಮುಗಿಸಿದ ಮೇಲೆಯೇ ತಲೆ ತಿರುಗಿ ಬಿದ್ದಳು. ನಾವೆಲ್ಲ ಬಹಳ ದಿನ ಅವಳನ್ನು ಮಾದರಿಯಾಗಿ ಇಟ್ಟುಕೊಂಡಿದ್ದೆವು.

ಇಷ್ಟು ಸಾಲದು ಎಂಬಂತೆ ನನ್ನನ್ನು ಮದುವೆ ಮಾಡಿಕೊಟ್ಟದ್ದು ಹುಣಸಮಾರನಹಳ್ಳಿಯ ಒಂದು ಒಕ್ಕಲು ಮನೆಗೆ. ಅಲ್ಲಿ ನನ್ನ ಅತ್ತೆಯವರು ಮ್ಯಾನರ್ಸಿನ ಎರಡನೇ ಭಾಗ ಕಲಿಸಿದರು. ಬಂದ ನೆಂಟರು ಹೊರಟು ನಿಂತರೆ ಸುಮ್ಮನೆ ಕಳಿಸಬಾರದು. ‘ಅಯ್ಯೋ, ಇದೇನು ಒಲೆಗೆ ಬೆಂಕಿ ಕೇಳಕ್ಕೆ ಬಂದೋರ ಥರ, ಇದ್ದು ಹೋಗು’ ಎನ್ನಬೇಕು. ಕೈಯಲ್ಲಿರುವ ಚೀಲ ಹಿಡಿದು ಎಳೆಯಬೇಕು. ಅವರು ತಮ್ಮ ಕಡೆಗೆ ಎಳೆದುಕೊಳ್ಳುತ್ತಾರೆ. ಹೀಗೆ ಎಳೆದಾಡುತ್ತ ಎರಡೂ ಕಡೆಯವರು ಬೀದಿ ಬಾಗಿಲವರೆಗೆ ಬರಬೇಕು. ಅಲ್ಲಿ ಮನೆಯವರು ಸೋತು ನೆಂಟರು ಗೆದ್ದು ಬಸ್ಸು ಹತ್ತಬೇಕು. ಇದು ಆಟ, ಇದಕ್ಕೆ ರೂಲ್ಸ್ ಇವೆ, ಎಳೆಯುವವರಿಗೂ ಎಳೆಸಿಕೊಳ್ಳುವವರಿಗೂ ಕೊನೆಗೆ ಏನಾಗುತ್ತದೆಂದು ಗೊತ್ತಿರುತ್ತದೆ ಎಂಬುದನ್ನು ಮಾತ್ರ ನನಗೆ ಯಾರೂ ಬಿಡಿಸಿ ಹೇಳಲಿಲ್ಲ. ನಾನು ಕಾನ್ವೆಂಟಿನವಳು, ಕಲಿಸಿದ್ದನ್ನು ಶ್ರದ್ಧೆಯಿಂದ ಕಲಿಯುವವಳು. ಜೋರಾಗಿ ಎಳೆಯುತ್ತಿದ್ದೆ.

ಈಗ ನನ್ನ ತೊಂದರೆಗೆ ಬರುತ್ತೇನೆ. ಅದು ಒಂದು ಕುರ್ಚಿ. ಅಲ್ಲಾಳಸಂದ್ರದ ನಮ್ಮ ಫ್ಲಾಟಿನ ಬಾಲ್ಕನಿಯಲ್ಲಿ ಕೆರೆಗೆ ಮುಖ ಮಾಡಿಕೊಂಡಿರುವ ಬೆತ್ತದ ಕುರ್ಚಿ. ಯಜಮಾನರು ಇದ್ದಷ್ಟು ಕಾಲ ಅದು ಅವರದು. ಸಂಜೆಯಾದರೆ ಅಲ್ಲಿ ಕೂತು, ಕೆರೆಯ ಮೇಲೆ ಇಳಿಯುವ ಬೆಳ್ಳಕ್ಕಿಗಳನ್ನೂ ಅದರ ಮೇಲೆ ಹಾರುವ ವಿಮಾನಗಳನ್ನೂ ಸಮನಾಗಿ ಟೀಕಿಸುತ್ತ, ಒಳಗಿದ್ದ ನನ್ನನ್ನು ಕಾಫಿಗೆ ಕೂಗುತ್ತಿದ್ದರು. ಅವರು ಹೋಗಿ ಕೆಲವು ತಿಂಗಳಾದ ಮೇಲೆ ಒಂದು ದಿನ, ಧೂಳು ಒರೆಸಲು ಹೋದವಳು, ಹಾಗೇ ಕೂತೆ. ಬಿಸಿಲು ನೀರಿನ ಮೇಲಿಂದ ಮೆಲ್ಲಗೆ ಜಾರಿ ಆ ದಡಕ್ಕೆ ಹೋಗುವುದನ್ನು ನೋಡಿದೆ. ಮದುವೆಯಾಗಿ ಇಷ್ಟು ವರ್ಷ, ನಮ್ಮ ಮನೆಯಲ್ಲಿ ಸಂಜೆ ಅನ್ನುವುದೊಂದು ಇದೆ ಎಂದು ನನಗೆ ಗೊತ್ತೇ ಇರಲಿಲ್ಲ. ಅಡುಗೆಮನೆಯ ಕಿಟಕಿ ಪೂರ್ವಕ್ಕಿದೆ ನೋಡಿ. ಅವತ್ತಿನಿಂದ ದಿನಾ ಕೂತೆ. ಒಂದು ಕಪ್ ಟೀ, ಒಂದು ಪುಸ್ತಕ, ಮಾತಿಲ್ಲ ಕತೆಯಿಲ್ಲ. ವಿಧವೆಯಾದವಳು ಇಷ್ಟು ಸುಖವಾಗಿರಬಹುದೇ ಎಂದು ಸ್ವಲ್ಪ ಗಿಲ್ಟ್ ಇತ್ತು. ಆ ಗಿಲ್ಟ್ ಕೂಡ ಟೀ ಜೊತೆಗೆ ಬಿಸ್ಕತ್ತಿನಂತೆ ಚೆನ್ನಾಗಿಯೇ ಇತ್ತು.

ಆಗ ಬಂದವಳು ಮುನಿಲಕ್ಷ್ಮಿ, ಯಜಮಾನರ ತಂಗಿ, ನನ್ನ ನಾದಿನಿ. ಅವಳನ್ನು ಕೊಟ್ಟಿದ್ದು ರಾಜಾನುಕುಂಟೆಗೆ. ಅವಳಿಗೂ ಗಂಡ ಇಲ್ಲ; ಮಗ, ಸೊಸೆ ಇದ್ದಾರೆ. ಇದ್ದ ಹೊಲದಲ್ಲಿ ಅರ್ಧ ಲೇಔಟಿಗೆ ಹೋದ ಮೇಲೆ ಮಗ ಹಳೇ ಮನೆ ಕೆಡವಿ ಅದೇ ಜಾಗದಲ್ಲಿ ಲಿಫ್ಟ್ ಇರುವ ಮನೆ ಎಬ್ಬಿಸಲು ಹೊರಟ. ‘ತಾರ್ಸಿ ಮೋಲ್ಡ್ ಆಗೋಗಂಟ ಇರ್ತೀನಿ ಅತ್ಗೆ’ ಎಂದು ಒಂದು ಸೂಟ್‌ಕೇಸು, ಒಂದು ಚೀಲ ರಾಗಿಹಿಟ್ಟು, ಒಂದು ಜಾಡಿ ಉಪ್ಪಿನಕಾಯಿ ಸಮೇತ ಬಂದಳು. ಬಂದ ದಿನ ಉಪಚಾರಕ್ಕೆ ನಾನೇ ಬಾಲ್ಕನಿಯ ಕುರ್ಚಿ ತೋರಿಸಿ ‘ಕೂತ್ಕೋ ಲಕ್ಷ್ಮಿ’ ಎಂದೆ. ಕೂತಳು. ಮಾರನೆಯ ದಿನವೂ ಅಲ್ಲೇ ಕೂತಳು. ಮೋಲ್ಡ್ ಆಯಿತು. ಟೈಲ್ಸ್ ಆಯಿತು. ಗೃಹಪ್ರವೇಶವೂ ಆಯಿತು, ನಾನು ಬೆಳ್ಳಿ ಲೋಟ ತೆಗೆದುಕೊಂಡು ಹೋಗಿ, ಹೋಳಿಗೆ ಊಟ ಮಾಡಿ, ಒಳಗೊಳಗೇ ಹಿಗ್ಗಿ, ಹೊರಟು ಕಾರು ಹತ್ತಿದರೆ ಪಕ್ಕದಲ್ಲಿ ಮುನಿಲಕ್ಷ್ಮಿ ಕೂತಿದ್ದಾಳೆ. ‘ಬಟ್ಟೆ ಎಲ್ಲ ನಿಮ್ಮನೇಲೇ ಐತಲ್ಲ ಅತ್ಗೆ, ತಗೊಂಡು ಬತ್ತೀನಿ’ ಎಂದಳು. ಮನೆಗೆ ಬಂದು ಬಟ್ಟೆ ತುಂಬಿಕೊಂಡು ಹೊರಟಾಗ ನನ್ನ ಬಾಯಿ ತಂತಾನೇ ತೆರೆದು, ‘ಹೊಸ ಪೇಂಟಿನ ವಾಸನೆ, ನಿನಗೆ ಆಗಲ್ಲ, ಇದ್ದು ಹೋಗು’ ಎಂದಿತು. ಕೈ ಸೂಟ್‌ಕೇಸ್ ಹಿಡಿದು ಎಳೆಯಿತು. ಅವಳು ಒಂದು ಗಳಿಗೆ ನನ್ನ ಮುಖವನ್ನೇ ನೋಡಿದಳು. ಆಮೇಲೆ ಸೂಟ್‌ಕೇಸ್ ಬಿಟ್ಟಳು. ಆಟದಲ್ಲಿ ನಾನು ಗೆದ್ದುಬಿಟ್ಟಿದ್ದೆ.

ಅವಳು ಕೆಟ್ಟವಳಲ್ಲ. ಇದನ್ನು ನಾನು ಪ್ರತಿ ಸಲ ಹೇಳುತ್ತೇನೆ, ಹೇಳಿದ ಮೇಲೆ ಒಂದು ‘ಆದರೆ’ ಸೇರಿಸುತ್ತೇನೆ. ಬಸ್ಸಾರು ಮಾಡಿದರೆ ಮೆಟ್ಟಿಲ ಮೇಲೆ ಹೋಗುವವರು ನಿಲ್ಲಬೇಕು, ಹಾಗೆ ಮಾಡುತ್ತಾಳೆ. ಆದರೆ ಸಂಜೆ ಕುರ್ಚಿಯಲ್ಲಿ ಕೂತು ಫೋನಿನಲ್ಲಿ ಸೀರಿಯಲ್ ಹಾಕಿಕೊಂಡರೆ, ಆ ಅಳು, ಆ ತಬಲ, ಆ ಅತ್ತೆ ಸೊಸೆ, ಎಲ್ಲ ಕೆರೆಯ ಆ ದಡದ ಬೆಳ್ಳಕ್ಕಿಗೂ ಕೇಳಬೇಕು. ನಾನು ಡೈನಿಂಗ್ ಟೇಬಲ್ಲಿನ ಕುರ್ಚಿಯಲ್ಲಿ ಫ್ರಿಜ್ಜಿಗೆ ಮುಖ ಮಾಡಿ ಕೂತು ಓದುತ್ತಿದ್ದೆ. ಫ್ರಿಜ್ಜಿನ ಮೇಲೆ ಸೂರ್ಯ ಮುಳುಗುವುದಿಲ್ಲ.

ಹೀಗಿರುವಾಗ ನನಗೆ ಸೆಲ್ಫ್-ಹೆಲ್ಪ್ ಪುಸ್ತಕಗಳ ಚಟ ಹತ್ತಿತು. ಮಾಲ್‌ನ ಪುಸ್ತಕದಂಗಡಿಯಲ್ಲಿ ಮೊದಲು ಕಾಣುವುದೇ ಅವು. ಹಿಂಬದಿಯಲ್ಲಿ ಬರೆದವನ ಫೋಟೋ: ಬಿಳಿ ಶರ್ಟು, ಕಟ್ಟಿದ ಕೈ, ಎಲ್ಲ ಹಲ್ಲೂ. ಇಷ್ಟೊಂದು ಹಲ್ಲಿರುವವನಿಗೆ ಕಷ್ಟವೇನು ಗೊತ್ತು ಎಂದು ಅನಿಸಿದರೂ ಕೊಂಡೆ. ಬೇಡ ಅನ್ನುವುದು ಹೇಗೆ, ನಮ್ಮ ಬೌಂಡರಿ ಕಾಪಾಡಿಕೊಳ್ಳುವುದು ಹೇಗೆ, ಇನ್ನೊಬ್ಬರಿಗೆ ನೋವಾಗದಂತೆ ನಮಗೆ ಬೇಕಾದ್ದನ್ನು ಕೇಳುವುದು ಹೇಗೆ, ಎಲ್ಲದಕ್ಕೂ ಒಂದೊಂದು ಪುಸ್ತಕವಿದೆ. ಪುಸ್ತಕದ ಗುಣವೆಂದರೆ ಅದು ನಮ್ಮನ್ನು ಏನೂ ಕೇಳುವುದಿಲ್ಲ. ಸುಮ್ಮನೆ ಹೇಳುತ್ತದೆ. ನಾವು ತಲೆದೂಗಿ ಮುಚ್ಚಿಟ್ಟರೆ ಬೇಜಾರೂ ಮಾಡಿಕೊಳ್ಳುವುದಿಲ್ಲ. ಅಂಡರ್‌ಲೈನ್ ಮಾಡಿದರೆ ಅರ್ಧ ಸಮಸ್ಯೆ ಬಗೆಹರಿದಷ್ಟು ಹಗುರವಾಗುತ್ತದೆ. ನಾನಂತೂ ಸ್ಕೇಲ್ ಇಟ್ಟು ಗೆರೆ ಎಳೆಯುತ್ತೇನೆ. ಆದರೆ ಒಂದು ತೊಂದರೆ. ಇವುಗಳಲ್ಲಿ ಬಾಸ್ ಇದ್ದಾನೆ, ಎಕ್ಸ್ ಹಸ್ಬೆಂಡ್ ಇದ್ದಾನೆ, ಆಫೀಸಿನಲ್ಲಿ ನಮ್ಮ ಸ್ಯಾಂಡ್‌ವಿಚ್ ಕದಿಯುವವನಿದ್ದಾನೆ, ಫೆನ್ಸಿನಾಚೆ ನಾಯಿ ಸಾಕಿದ ನೆರೆಯವನಿದ್ದಾನೆ. ಹಿಂದಿನ ಪುಟಗಳ ಇಂಡೆಕ್ಸಿನಲ್ಲಿ ‘ಎನ್’ ಅಕ್ಷರ ತೆಗೆದು ಬೆರಳಿಟ್ಟು ಹುಡುಕಿದೆ. ನಾರ್ಸಿಸಿಸ್ಟ್ ಇದೆ, ನೆಗೆಟಿವಿಟಿ ಇದೆ, ನೆಟ್‌ವರ್ಕಿಂಗ್ ಇದೆ. ನಾದಿನಿ ಇಲ್ಲ.

ಆದರೂ ಪ್ರಯತ್ನ ಬಿಡಲಿಲ್ಲ. ಒಂದು ಪುಸ್ತಕ ಹೇಳಿತು: ಕಣ್ಣು ಮುಚ್ಚಿ, ನಿಮ್ಮ ಸಮಸ್ಯೆಯನ್ನು ಒಂದು ಮೋಡವೆಂದು ಭಾವಿಸಿ, ಅದು ತೇಲಿ ಹೋಗುವುದನ್ನು ನೋಡಿ. ಮೋಡ ಬಂತು. ಅದು ಹಸಿರು ಸೀರೆ ಉಟ್ಟಿತ್ತು. ಸ್ವಲ್ಪ ದೂರ ತೇಲಿತು, ಆಮೇಲೆ ತಿರುಗಿ ಬಂದು ಕೂತಿತು. ಇನ್ನೊಂದು ಪುಸ್ತಕ ಹೇಳಿತು: ಬೇಕಾದ್ದನ್ನು ಶಾಂತವಾಗಿ, ನಗುಮುಖದಿಂದ, ಒಂದೇ ವಾಕ್ಯದಲ್ಲಿ, ಮತ್ತೆ ಮತ್ತೆ ಹೇಳಿ. ಒಂದು ಸಂಜೆ ಬಾಲ್ಕನಿಗೆ ಹೋಗಿ ಬೆನ್ನು ನೆಟ್ಟಗೆ ಮಾಡಿ ನಿಂತೆ.

‘ಲಕ್ಷ್ಮಿ, ನನಗೆ ಇಲ್ಲಿ ಕೂತ್ಕೋಬೇಕು ಅನ್ನಿಸ್ತಿದೆ.’

‘ಬನ್ನಿ ಅತ್ಗೆ, ಅದಕ್ಕೇನಂತೆ,’ ಎಂದು ಅವಳು ಒಂದು ಪಕ್ಕಕ್ಕೆ ಸರಿದಳು. ಒಬ್ಬರಿಗೇ ಇಕ್ಕಟ್ಟಾಗುವ ಕುರ್ಚಿ ಅದು. ಅಂಗೈ ಅಗಲ ಜಾಗವಾಯಿತು.

‘ನನಗೆ ಇಲ್ಲಿ ಕೂತ್ಕೋಬೇಕು ಅನ್ನಿಸ್ತಿದೆ,’ ಎಂದೆ ಮತ್ತೆ, ನಗುತ್ತಲೇ.

‘ಕುಂತ್ಕಳಿ ಅಂತಾನೇ ಏಳ್ತಾ ಇವ್ನಿ. ನಾವೇನ್ ಗಂಡುಸ್ರಾ ನಾಚ್ಕೊಳಕ್ಕೆ. ನೋಡಿ, ಇವತ್ತು ಆ ದೊಡ್ಡ ಸೊಸೆ ವಿಷ ಆಕ್ತಾಳೆ.’

ಕೂತೆ. ಅರ್ಧ ಕುರ್ಚಿಯ ಮೇಲೆ, ಅರ್ಧ ಗಾಳಿಯ ಮೇಲೆ ಕೂತು, ದೊಡ್ಡ ಸೊಸೆ ವಿಷ ಹಾಕುವುದನ್ನು ಪೂರ್ತಿ ನೋಡಿದೆ. ಪುಸ್ತಕದ ಲೆಕ್ಕದಲ್ಲಿ ನನಗೆ ಬೇಕಾದ್ದು ಸಿಕ್ಕಿತ್ತು.

ಮೂರನೆಯ ಪುಸ್ತಕ ಕನ್ನಡಿಯ ಮುಂದೆ ನಿಂತು ಅಭ್ಯಾಸ ಮಾಡಿ ಎಂದಿತು. ದೊಡ್ಡ ಕನ್ನಡಿ ಇರುವುದು ಮುನಿಲಕ್ಷ್ಮಿಯ ರೂಮಿನಲ್ಲಿ. ಆದ್ದರಿಂದ ಬಾತ್‌ರೂಮಿನ ಕನ್ನಡಿಯ ಮುಂದೆ ನಿಂತು, ‘ನೋ. ಬೇಡ. ಆಗಲ್ಲ. ಸಾಕು. ಇನ್ನು ಹೊರಡು’ ಎಂದು ಗಂಭೀರವಾಗಿ ಹೇಳಿಕೊಳ್ಳುತ್ತಿದ್ದೆ. ಹೇಳುತ್ತ ಹೇಳುತ್ತ ಧ್ವನಿ ಏರಿತೆಂದು ಕಾಣುತ್ತದೆ. ಹೊರಗಿನಿಂದ ಬಾಗಿಲು ಬಡಿದ ಸದ್ದು. ‘ಅತ್ಗೆ, ಒಳಗೆ ಯಾರವ್ರೆ?’ ನಾನು ಬಾಗಿಲು ತೆಗೆದು ‘ಯಾರೂ ಇಲ್ಲ’ ಎಂದೆ. ಅದೇ ತಪ್ಪಾಗಿದ್ದು. ಯಾರೋ ಇದ್ದಾರೆ ಎಂದಿದ್ದರೂ ಅವಳಿಗೆ ಅಷ್ಟು ಗಾಬರಿಯಾಗುತ್ತಿರಲಿಲ್ಲ. ಅವತ್ತೇ ಆರ್.ಟಿ. ನಗರದಲ್ಲಿರುವ ನನ್ನ ಮಗಳು ಸುಧಾಗೆ ಫೋನು ಹೋಯಿತು.

ಸುಧಾ ಭಾನುವಾರ ಬಂದು ನನ್ನನ್ನು ಬೆಡ್‌ರೂಮಿಗೆ ಕರೆದುಕೊಂಡು ಹೋಗಿ ಬಾಗಿಲು ಹಾಕಿದಳು. ಅವಳಿಗೆ ಎಲ್ಲ ಹೇಳಿದೆ. ಮಗಳ ಹತ್ತಿರ ಗೊಣಗಲು ಕಾನ್ವೆಂಟ್ ಅಡ್ಡ ಬರುವುದಿಲ್ಲ. ಅವಳು ನನ್ನ ಪುಸ್ತಕಗಳ ಸಾಲು ನೋಡಿದಳು, ಒಂದನ್ನು ತೆಗೆದು ಸ್ಕೇಲಿನ ಗೆರೆಗಳನ್ನು ನೋಡಿದಳು.

‘ಮಮ್ಮಿ, ಇದೆಲ್ಲ ಓದಿದ್ರೆ ಆಗಲ್ಲ. ಯಾರ ಹತ್ರಾನಾದ್ರೂ ಕೂತು ಮಾತಾಡ್ಬೇಕು. ಥೆರಪಿಸ್ಟ್ ಹತ್ರ ಹೋಗು.’

‘ನನಗೇನು ತಲೆ ಕೆಟ್ಟಿದೆಯೇನೇ?’

‘ತಲೆ ಕೆಟ್ಟೋರು ಮಾತ್ರ ಹೋಗಲ್ಲ ಮಮ್ಮಿ, ಈಗ ಎಲ್ರೂ ಹೋಗ್ತಾರೆ. ನಾನೂ ಹೋಗ್ತೀನಿ.’

ಇವಳಿಗೇನು ಕಮ್ಮಿ? ಒಳ್ಳೆಯ ಕೆಲಸ, ಒಳ್ಳೆಯ ಗಂಡ, ಬಂಗಾರದಂಥ ಮಗು. ‘ನಿನಗೇನಾಗಿದೆ ಸುಧಾ? ಯಾವ ವಿಷಯಕ್ಕೆ ಹೋಗ್ತೀಯಾ?’

ಅವಳು ಪುಸ್ತಕವನ್ನು ವಾಪಸ್ ಜೋಡಿಸುತ್ತ, ‘ಬಹುಪಾಲು ನಿನ್ ವಿಷಯಾನೇ ಮಮ್ಮಿ’ ಎಂದಳು.

‘ಅವರೇನಂತಾರೆ?’ ಎಂದೆ. ‘ಅವರು ಏನೂ ಅನ್ನಲ್ಲ, ಕೇಳಿಸ್ಕೊಳ್ತಾರೆ’ ಎಂದಳು. ಎಲ್ಲೋ ಒಂದು ಏ.ಸಿ. ರೂಮಿನಲ್ಲಿ ಯಾರೋ ಒಬ್ಬರು ನನ್ನ ವಿಷಯವನ್ನು ಫೀಸು ತೆಗೆದುಕೊಂಡು ಕೇಳುತ್ತಿದ್ದಾರೆ ಎಂಬುದು ಯೋಚಿಸಿದಂತೆಲ್ಲ ಸ್ವಲ್ಪ ಹೆಮ್ಮೆಯ ವಿಷಯವಾಗಿಯೂ ಕಂಡಿತು. ಒಪ್ಪಿಕೊಂಡೆ. ಬೇಡ ಎನ್ನಲು ಬರುವುದಿಲ್ಲವಲ್ಲ.

ಅಪಾಯಿಂಟ್‌ಮೆಂಟ್ ಯಲಹಂಕ ನ್ಯೂಟೌನಿನಲ್ಲಿ, ಒಂದು ಬೇಕರಿಯ ಮೇಲಿನ ಮಹಡಿಯಲ್ಲಿ. ಹೋಗುವ ಹಿಂದಿನ ದಿನ ನಾನು ಪುಸ್ತಕಗಳನ್ನೆಲ್ಲ ಇನ್ನೊಮ್ಮೆ ತಿರುವಿ ಹಾಕಿದೆ. ಕೆಲಸದವಳು ಬರುವ ಮುಂಚೆ ಮನೆ ಗುಡಿಸಿಡುವ ಹೆಂಗಸರಿದ್ದಾರಲ್ಲ, ನಾನು ಆ ಜಾತಿ. ಥೆರಪಿಸ್ಟ್ ಕೇಳಿದಾಗ ತಪ್ಪು ಉತ್ತರ ಕೊಟ್ಟು ಅವಮಾನವಾಗಬಾರದು. ಒಳ್ಳೆಯ ಕಾಟನ್ ಸೀರೆ ಉಟ್ಟು, ಮುತ್ತಿನ ಓಲೆ ಹಾಕಿ ಹೊರಬಂದರೆ, ಬಾಗಿಲ ಹತ್ತಿರ ಹಸಿರು ಸೀರೆ ಉಟ್ಟು, ಬಾಟಲಿಯಲ್ಲಿ ಕಾಯಿಸಿ ಆರಿಸಿದ ನೀರು ಹಿಡಿದು ಮುನಿಲಕ್ಷ್ಮಿ ನಿಂತಿದ್ದಾಳೆ.

‘ನೀನೆಲ್ಲಿಗೆ?’

‘ಡಾಕ್ಟ್ರತ್ರ ಒಬ್ಬೊಬ್ರೇ ಓಗ್ತಾರಾ ಅತ್ಗೆ? ಚೆನ್ನಾಗಿರ್ತದಾ? ನಾಳೆ ಅಣ್ಣ ನನ್ ಕನಸಲ್ ಬಂದು ಕೇಳಿದ್ರೆ ಏನಂತ ಏಳ್ಲಿ?’

ನೀವೇ ಹೇಳಿ. ಹಲ್ಲು ಕೀಳಿಸಲು ಹೋದರೂ ನಾಲ್ಕು ಜನ ಜೊತೆಗೆ ಹೋಗುವವರು ನಾವು. ರಿಪೋರ್ಟ್ ತರಲು ಹೋಗುವವರ ಜೊತೆಗೂ ಒಬ್ಬರು ಇರುತ್ತಾರೆ. ‘ನಾನು ಹೋಗುತ್ತಿರುವುದೇ ನಿನ್ನ ವಿಷಯಕ್ಕೆ, ನೀನು ಬರುವ ಹಾಗಿಲ್ಲ’ ಎಂದು ಹೇಳುವ ಶಕ್ತಿ ನನಗಿದ್ದಿದ್ದರೆ ನಾನು ಹೋಗಬೇಕಾಗಿಯೇ ಇರಲಿಲ್ಲ. ಇಬ್ಬರೂ ಆಟೋ ಹತ್ತಿದೆವು. ದಾರಿಯುದ್ದಕ್ಕೂ ಅವಳು ನನ್ನ ಕೈ ಹಿಡಿದುಕೊಂಡಿದ್ದಳು, ನಾನು ಹಾರಿಬಿಡುತ್ತೇನೆಂದು.

ಥೆರಪಿಸ್ಟ್ ಹೆಸರು ಅನನ್ಯ. ನನ್ನ ಮಗಳಿಗಿಂತ ಚಿಕ್ಕವಳು. ಮೂಗುಬೊಟ್ಟು, ದೊಡ್ಡ ಕನ್ನಡಕ, ಪಕ್ಕದಲ್ಲೊಂದು ಟಿಶ್ಯೂ ಡಬ್ಬಿ. ಇಬ್ಬರನ್ನು ಕಂಡು ಸ್ವಲ್ಪ ತಡವರಿಸಿ, ‘ಇವರು ಹೊರಗೆ ವೇಟ್ ಮಾಡ್ಬಹುದು’ ಎಂದಳು. ಮುನಿಲಕ್ಷ್ಮಿ ಆಗಲೇ ಸೋಫಾದಲ್ಲಿ ಕೂತು ನೀರಿನ ಬಾಟಲಿಯನ್ನು ಟೀಪಾಯಿಯ ಮೇಲೆ ಇಟ್ಟಾಗಿತ್ತು. ‘ಇವರು ಇರೋದು ನಿಮಗೆ ಓಕೆನಾ?’ ಎಂದು ಅನನ್ಯ ನನ್ನನ್ನು ಕೇಳಿದಳು. ಓಕೆ ಎಂದೆ. ಇನ್ನೇನು ಹೇಳಲಿ.

‘ಹೇಳಿ, ಹೇಗಿದ್ದೀರಾ?’

‘ಫೈನ್, ಥ್ಯಾಂಕ್ ಯೂ.’

ಅವಳು ಕಾದಳು. ಈ ಕಾಯುವುದಿದೆಯಲ್ಲ, ಅದನ್ನು ಯಾವ ಪುಸ್ತಕವೂ ಮಾಡುವುದಿಲ್ಲ. ಪುಸ್ತಕದಲ್ಲಿ ಒಂದು ಪುಟ ಮುಗಿದರೆ ಇನ್ನೊಂದು ಪುಟ ಇರುತ್ತದೆ. ಇಲ್ಲಿ ಎದುರಿನ ಮನುಷ್ಯ ಸುಮ್ಮನೆ, ಒಳ್ಳೆಯ ಮುಖ ಮಾಡಿಕೊಂಡು, ನಮ್ಮನ್ನೇ ನೋಡುತ್ತಿರುತ್ತಾರೆ. ಕೆಳಗಿನ ಬೇಕರಿಯಿಂದ ದಿಲ್‌ಪಸಂದಿನ ವಾಸನೆ ಬರುತ್ತಿತ್ತು. ನಾನು ಸಾಲಾಗಿ ಶುರು ಮಾಡಿದೆ: ನನ್ನ ಬೌಂಡರಿಗಳು ಸ್ವಲ್ಪ ವೀಕ್ ಆಗಿವೆ, ನನಗೆ ಸೆಲ್ಫ್-ಕೇರಿಗೆ ಸ್ಪೇಸ್ ಬೇಕು, ನಾನು ಪೀಪಲ್-ಪ್ಲೀಸರ್ ಇರಬಹುದು. ಅನನ್ಯ ಮೆಚ್ಚಿ ತಲೆದೂಗುತ್ತಾಳೆಂದು ಕಾದೆ. ಅವಳು ‘ಸ್ಪೇಸ್ ಅಂದ್ರೆ? ಮನೇಲಿ ಯಾವ ಜಾಗ ನಿಮಗೆ ಇಷ್ಟ?’ ಎಂದಳು. ಸಿಲಬಸ್ಸಿನಲ್ಲಿ ಇಲ್ಲದ ಪ್ರಶ್ನೆ. ಹಿಂದುಮುಂದು ನೋಡದೆ ನಿಜ ಹೇಳಿಬಿಟ್ಟೆ.

‘ಬಾಲ್ಕನಿಯ ಕುರ್ಚಿ.’

ಹೇಳಿದ ಮೇಲೆ ಪಕ್ಕದಲ್ಲಿ ಯಾರು ಕೂತಿದ್ದಾರೆಂದು ನೆನಪಾಯಿತು. ಮುನಿಲಕ್ಷ್ಮಿ ನನ್ನ ಕಡೆ ಪೂರ್ತಿ ತಿರುಗಿದಳು.

‘ಆ ಕುರ್ಚಿನಾ? ಅದು ನಿಮ್ಗೆ ಬೇಕಾಗಿತ್ತಾ ಅತ್ಗೆ?’

ನಾನು ಟಿಶ್ಯೂ ಡಬ್ಬಿಯ ಮೇಲಿನ ಹೂವಿನ ಚಿತ್ರವನ್ನು ನೋಡುತ್ತ ಕೂತೆ.

‘ಒಂದ್ ಮಾತು ಏಳೋದಲ್ವಾ? ನನ್ ಸೊಂಟ ಬಿದ್ದೋಗೈತೆ ಅದ್ರಲ್ಲಿ ಕುಂತು ಕುಂತು. ನೋಡಿ ಡಾಕ್ಟ್ರಮ್ಮ, ನಾನ್ ಬಂದ ದಿನ ಇವ್ರೇ ಕೈ ತೋರ್ಸಿ ಅದ್ರಲ್ ಕುಂತ್ಕೋ ಅಂದ್ರು. ನಾನ್ ಏನ್ ತಿಳ್ಕಂಡೆ ಅಂದ್ರೆ, ಅಣ್ಣನ ಕುರ್ಚಿ ಖಾಲಿ ಬಿದ್ದಿದ್ರೆ ಇವ್ರಿಗೆ ನೋಡಕ್ಕಾಗಲ್ಲ, ಸಂಕಟ ಆಯ್ತದೆ, ಅದಕ್ಕೆ ಯಾರಾನ ಕುಂತಿರ್ಲಿ ಅಂತಾರೆ ಅಂತ. ಅದಕ್ಕೇ ಸಂಜೆ ಆದ್ರೆ ಮೊದ್ಲು ಓಗಿ ಕುಂತ್ಕಂಡ್ಬುಡ್ತೀನಿ. ಸೀರಿಯಲ್ ಜೋರಾಗ್ ಆಕೋದೂ ಅದಕ್ಕೇ. ಮನೆ ಬಿಕೋ ಅನ್ಬಾರ್ದು ಅಂತ. ನಂಗೇನ್ ಕಿವಿ ಕೇಳ್ಸಲ್ವಾ?’

ಅನನ್ಯ ಕನ್ನಡಕ ಸರಿಮಾಡಿಕೊಂಡು ಮುಂದಕ್ಕೆ ಬಾಗಿದಳು. ಆ ಗಳಿಗೆಯಿಂದ ನಾನು ಆ ರೂಮಿನಲ್ಲಿ ಪೇಷಂಟಿನ ಜೊತೆಗೆ ಬಂದವಳಾದೆ.

‘ನಿಮಗೆ ಅಲ್ಲಿ ಇರೋದು ಹೇಗನ್ನಿಸ್ತಿದೆ?’ ಎಂದು ಅವಳು ಮುನಿಲಕ್ಷ್ಮಿಯನ್ನು ಕೇಳಿದಳು.

ಮುನಿಲಕ್ಷ್ಮಿಗೆ ಕಾಯಿಸುವ ಅಭ್ಯಾಸವಿಲ್ಲ. ‘ನಂಗೂ ಮನೆ ಐತೆ ಕಣಮ್ಮ. ಹೊಸ ಮನೇಲಿ ನಂಗೊಂದ್ ರೂಮ್ ಬುಟ್ಟವ್ರೆ, ಕಿಟ್ಕಿ ತೆಗುದ್ರೆ ನುಗ್ಗೆ ಮರ. ಒಂದ್ ರಾತ್ರಿ ಮಲ್ಗಿಲ್ಲ ಅದ್ರಲ್ಲಿ. ನಾನ್ ಓಗೋದ್ ತಡ ಆಯ್ತಾ ಆಯ್ತಾ ನಮ್ ಸೊಸೆ ಅದ್ರೊಳಗೆ ಈರುಳ್ಳಿ ಚೀಲ ಇಟ್ಟವಳಂತೆ. ಇನ್ನೊಂದಷ್ಟ್ ದಿನ ಓಗ್ದಿದ್ರೆ ನಾನು ಈರುಳ್ಳಿನ ಕೇಳ್ಕಂಡ್ ಒಳಗೋಗ್ಬೇಕು. ಆದ್ರೆ ಎಂಗ್ ಓಗ್ಲಿ? ಊರಿಗೋಗ್ತೀನಿ ಅಂದಾಗೆಲ್ಲ ಇವ್ರು ಬ್ಯಾಗ್ ಇಡ್ಕಂಡ್ ಎಳೀತಾರೆ.’

‘ಅದು ನಿಮ್ಮ ತಾಯಿ ಕಲಿಸಿದ್ದು,’ ಎಂದೆ ನಾನು.

‘ನಮ್ಮವ್ವ ಎಲ್ರಿಗೂ ಎಳೀತಿದ್ಲು. ಅದು ಸುಮ್ನೆ ಅಂತ ನಮ್ಗೆಲ್ಲ ಗೊತ್ತಿತ್ತಲ್ಲ. ನಮ್ ಕಡೆಯೋರು ಇರು ಅಂದ್ರೆ ಓಗು ಅಂತ. ನೀವ್ ಅಂಗಲ್ವಲ್ಲ ಅತ್ಗೆ. ಕಾನ್ವೆಂಟ್ನಲ್ಲಿ ಓದಿದೋರು. ಇಂಗ್ಲೀಸ್ ಓದಿದೋರು ಮನ್ಸಲ್ಲಿ ಇಲ್ದೆ ಇರೋದು ಬಾಯಲ್ಲಿ ಆಡಲ್ಲ ಅಂತ ಅಣ್ಣ ಯಾವಾಗ್ಲೂ ಏಳ್ತಿದ್ರು. ಅವತ್ತು ಗೃಹಪ್ರವೇಶದ ದಿನ ಎಂಥಾ ಎಳೆತ ಎಳುದ್ರಿ. ಸೂಟ್‌ಕೇಸ್ ಇಡಿಕೆ ಕಿತ್ತೋಯ್ತು. ನಿಮ್ ಮುಖ ನೋಡ್ದೆ. ಅಯ್ಯೋ, ಇಷ್ಟ್ ಓದಿರೋ ಹೆಂಗ್ಸು ಇಂಗೆ ಅಂಗಲಾಚ್ತಾವ್ರಲ್ಲ, ಒಬ್ರನ್ನೇ ಎಂಗ್ ಬಿಟ್ಟೋಗೋದು ಅಂತ ನಾನೇ ಸೂಟ್‌ಕೇಸ್ ಬಿಟ್ಬುಟ್ಟೆ.’

ನನ್ನ ಮನಸ್ಸಿನಲ್ಲಿ ಎಲ್ಲ ಉಲ್ಟಾ ಓಡುತ್ತಿತ್ತು. ಅವಳು ಕುರ್ಚಿ ಕಸಿದುಕೊಂಡಿದ್ದಾಳೆಂದು ನಾನು ಒಳಗೆ ಫ್ರಿಜ್ಜಿನ ಮುಂದೆ ಹುತಾತ್ಮಳಂತೆ ಕೂತಿದ್ದೆ. ಅವಳು ಸೊಂಟ ಹಿಡಿದುಕೊಂಡು ಹೊರಗೆ ನನಗಾಗಿ ಹುತಾತ್ಮಳಾಗುತ್ತಿದ್ದಳು. ಇಬ್ಬರ ನಡುವೆ ಒಂದು ಗಾಜಿನ ಬಾಗಿಲು. ನನ್ನ ಮಾತನ್ನು ಮಾತಿನಂತೆಯೇ ನಂಬಿದ ಒಬ್ಬಳೇ ಒಬ್ಬಳು ಈ ಊರಿನಲ್ಲಿದ್ದಳು, ಅವಳನ್ನು ನಾನು ಮೋಡ ಮಾಡಿ ತೇಲಿಬಿಡಲು ನೋಡಿದ್ದೆ. ನನ್ನ ಪುಸ್ತಕಗಳಲ್ಲಿ ಎಲ್ಲ ಕಡೆ ಇನ್ನೊಬ್ಬರಿಗೆ ನಮ್ಮ ಮನಸ್ಸು ಗೊತ್ತಾಗುವಂತೆ ಮಾತಾಡಿ ಎಂದಿದೆ. ಆಡಿದ್ದನ್ನೇ ಮನಸ್ಸು ಎಂದು ತಿಳಿದವರನ್ನು ಏನು ಮಾಡಬೇಕೆಂದು ಯಾರೂ ಬರೆದಿಲ್ಲ.

ಟೈಮ್ ಮುಗಿಯುತ್ತ ಬಂದಿತ್ತು. ಅನನ್ಯ ಗಡಿಯಾರದ ಕಡೆ ಕಣ್ಣು ಹಾಯಿಸಿ, ಬಹಳ ಮೃದುವಾಗಿ, ‘ಒಂದು ಕೆಲಸ ಮಾಡೋಣ. ನೀವಿಬ್ರೂ ಒಬ್ರನ್ನೊಬ್ರು ನೋಡಿ, ನಿಮಗೆ ನಿಜವಾಗ್ಲೂ ಏನ್ ಬೇಕೋ ಅದನ್ನ ಒಂದೇ ಮಾತಲ್ಲಿ ಹೇಳಿ. ವಿವರಣೆ ಬೇಡ, ಉಪಚಾರ ಬೇಡ’ ಎಂದಳು.

ಮುನಿಲಕ್ಷ್ಮಿ ಸೆರಗು ಸರಿಮಾಡಿಕೊಂಡು ನನ್ನನ್ನು ನೋಡಿದಳು. ಅವಳ ಕಣ್ಣು ಅಣ್ಣನದೇ ಕಣ್ಣು. ‘ಅತ್ಗೆ, ನಾನು ಭಾನ್ವಾರ ಊರಿಗೋಗ್ತೀನಿ.’

ಎಷ್ಟು ಚೆನ್ನಾಗಿ ಹೇಳಿದಳು. ಶಾಂತವಾಗಿ, ಒಂದೇ ವಾಕ್ಯದಲ್ಲಿ. ಪುಸ್ತಕ ಬರೆದವನು ನೋಡಿದ್ದರೆ ಉಳಿದ ಹಲ್ಲೂ ಬಿಡುತ್ತಿದ್ದ. ಈಗ ನನ್ನ ಸರದಿ. ನಾನು ಹೇಳಬೇಕಾಗಿದ್ದದ್ದು ‘ಸರಿ’ ಎಂಬ ಒಂದು ಮಾತು. ಬೇಡ ಅನ್ನುವಷ್ಟು ಕಷ್ಟವೂ ಅಲ್ಲ ಅದು. ಅನನ್ಯ ನನ್ನನ್ನೇ ನೋಡುತ್ತಿದ್ದಳು, ಪರೀಕ್ಷೆಯಲ್ಲಿ ಕಾಪಿ ಹೊಡೆಯಲು ಉತ್ತರ ತೋರಿಸುವ ಗೆಳತಿಯಂತೆ. ಬಾಲ್ಕನಿ ಕಣ್ಣ ಮುಂದೆ ಬಂತು. ಕೆರೆ, ಕುರ್ಚಿ, ಟೀ, ನನ್ನ ಸಂಜೆ. ಕುರ್ಚಿಯ ಹಿಂದೆ, ಬಸ್ಸಾರಿನ ವಾಸನೆ ಇಲ್ಲದ ಅಡುಗೆಮನೆಯೂ ಬಂತು. ಬಾತ್‌ರೂಮಿನಲ್ಲಿ ನಾನು ಒಬ್ಬಳೇ ಮಾತಾಡಿದರೆ ಬಾಗಿಲು ಬಡಿಯುವವರಿಲ್ಲದ ಮನೆ.

ಬಾಯಿ ತೆರೆದೆ.

‘ಹಬ್ಬ ಮುಗಿಸ್ಕೊಂಡು ಹೋದ್ರಾಯ್ತು ಬಿಡು,’ ಎಂದೆ.

ಅನನ್ಯ ಕನ್ನಡಕ ತೆಗೆದು ಮೇಜಿನ ಮೇಲಿಟ್ಟಳು. ಮುನಿಲಕ್ಷ್ಮಿ ನನ್ನ ಮುಖವನ್ನು ಅವತ್ತು ಸೂಟ್‌ಕೇಸ್ ಬಿಟ್ಟಾಗ ನೋಡಿದ ಹಾಗೆಯೇ ನೋಡಿದಳು, ಇನ್ನೂ ಸ್ವಲ್ಪ ಹೆಚ್ಚು ಹೊತ್ತು. ಇದು ಅವರವ್ವ ಕಲಿಸಿದ್ದೋ, ಸಿಸ್ಟರ್ ಫಿಲೋಮಿನಾ ಕಲಿಸಿದ್ದೋ, ಯಾರೂ ಕಲಿಸದೆ ನನ್ನೊಳಗಿಂದಲೇ ಬಂದದ್ದೋ ಎಂದು ಅಳೆಯುತ್ತಿದ್ದಳೆಂದು ಕಾಣುತ್ತದೆ. ನನಗೂ ಗೊತ್ತಿದ್ದರೆ ಹೇಳುತ್ತಿದ್ದೆ.

‘ಆಯ್ತು ಬುಡಿ’ ಎಂದು ಬಾಟಲಿ ಎತ್ತಿಕೊಂಡಳು.

ಕೆಳಗಿಳಿದು ಬೇಕರಿಯಲ್ಲಿ ದಿಲ್‌ಪಸಂದ್ ಕೊಂಡೆವು. ಅವಳು ಹಠ ಹಿಡಿದು ಒಂದು ತುಂಡನ್ನು ಮೇಲಕ್ಕೆ ಅನನ್ಯಳಿಗೆ ಕಳಿಸಿದಳು, ‘ಪಾಪ, ಆ ಮಗು ಬೆಳಗಿಂದ ಕೇಳ್ತಾನೇ ಕುಂತಿರ್ತದೆ’ ಎಂದು. ಮನೆಗೆ ಬಂದಾಗ ಬಿಸಿಲು ಇನ್ನೂ ನೀರಿನ ಮೇಲಿತ್ತು. ಮುನಿಲಕ್ಷ್ಮಿ ಬಾಲ್ಕನಿಗೆ ಹೋಗಿ ಕುರ್ಚಿಯನ್ನು ಸೆರಗಿನಿಂದ ಒರೆಸಿ ‘ಕುಂತ್ಕಳಿ’ ಎಂದಳು. ಹೇಳಿ, ತಾನು ಕೆಳಗೆ ಗೋಡೆಗೊರಗಿ ಕಾಲು ಚಾಚಿ, ಸೊಂಟಕ್ಕೆ ದಿಂಬು ಕೊಟ್ಟು, ಮೋಕ್ಷ ಸಿಕ್ಕಿದವಳಂತೆ ನಿಟ್ಟುಸಿರಿಟ್ಟಳು. ನಾನು ಕೂತೆ. ಕೆರೆ ಇತ್ತು, ಬೆಳ್ಳಕ್ಕಿ ಇತ್ತು, ಟೀ ಇತ್ತು, ಕೈಯಲ್ಲಿ ಪುಸ್ತಕವಿತ್ತು. ಬಹಳ ನಿಶ್ಶಬ್ದವಾಗಿತ್ತು. ಸ್ವಲ್ಪ ಹೊತ್ತು ತಡೆದುಕೊಂಡೆ. ಆಮೇಲೆ, ‘ಆ ದೊಡ್ಡ ಸೊಸೆ ವಿಷ ಹಾಕಿದಳಲ್ಲ, ಯಾರು ಕುಡಿದರು?’ ಎಂದು ಕೇಳಿದೆ. ಫೋನು ಹೊರಗೆ ಬಂತು.

ಅಷ್ಟರಲ್ಲಿ ನನ್ನ ಫೋನಿಗೆ ಸುಧಾ. ಒಳಗೆ ಹೋಗಿ ಮಾತಾಡಿದೆ.

‘ಮಮ್ಮಿ, ಹೇಗಾಯ್ತು ಸೆಷನ್?’

‘ಚೆನ್ನಾಗಾಯ್ತು ಕಣೇ. ಒಳ್ಳೆ ಹುಡುಗಿ. ಎಲ್ಲ ಬಿಚ್ಚಿ ಮಾತಾಡಿದ್ವಿ. ನಿಮ್ಮ ಲಕ್ಷ್ಮಿ ಅತ್ತೆ ಊರಿಗೆ ಹೋಗೋದು ಅಂತ ಡಿಸೈಡ್ ಆಯ್ತು.’

‘ಅಬ್ಬಾ. ಯಾವಾಗ?’

‘ಹಬ್ಬ ಮುಗಿಸ್ಕೊಂಡು.’

‘ಯಾವ ಹಬ್ಬ? ವರಮಹಾಲಕ್ಷ್ಮಿನಾ, ಗೌರಿನಾ, ದಸರಾನಾ?’

ಹೊರಗೆ ಯಾರೋ ತಬಲ ಬಾರಿಸಿಕೊಂಡು ಅಳುತ್ತಿದ್ದರು. ಯಾವ ಹಬ್ಬ ಎಂದು ಮುನಿಲಕ್ಷ್ಮಿ ಕೇಳಿರಲಿಲ್ಲ, ನಾನೂ ಹೇಳಿರಲಿಲ್ಲ.

‘ಮಮ್ಮಿ,’ ಎಂದಳು ಸುಧಾ ಕೊನೆಗೆ, ‘ಬುಧವಾರ ನನ್ನ ಥೆರಪಿಸ್ಟ್ ಹತ್ರ ಅಪಾಯಿಂಟ್‌ಮೆಂಟ್ ಇದೆ. ಇದನ್ನ ನಾನು ಅಲ್ಲೇ ಕೇಳ್ತೀನಿ.’